‘ನಿಜಾಮರ ಕಾಲದ್ದು’ ಅಂದರೆ ಎಷ್ಟು ಹಳೆಯದು? ಕೈಬದಲಾದ ಬಿದ್ರಿ ಸಾಮಾನು ಕೊಳ್ಳುವ, ಮಾರುವ ಮುನ್ನ

ಎಕಂಬಾ, ಔರಾದ್, ಭಾಲ್ಕಿ ಕಡೆಯ ಹಳೆ ಮನೆಗಳ ಸಂದೂಕು, ಗೋಡೆಯ ಅಲಮಾರಿಗಳಲ್ಲಿ ಬಿದ್ರಿ ಸಾಮಾನು ಸಿಕ್ಕರೆ ಯಾರೂ ಬೆರಗಾಗುವುದಿಲ್ಲ. ಅಜ್ಜಿ ಎಲೆ-ಅಡಿಕೆ ಇಡುತ್ತಿದ್ದ ಪಾನ್‌ದಾನ್, ಮದುವೆಗೆ ಬಂದ ಹೂದಾನಿ, ನಿವೃತ್ತಿಯ ದಿನ ಕಚೇರಿಯವರು ಕೊಟ್ಟ ಫಲಕ. ಮನೆ ಪಾಲಾದಾಗ, ಮಕ್ಕಳು ಹೈದರಾಬಾದೋ ಪುಣೆಯೋ ಸೇರಿದಾಗ ಇವು ಕೈಬದಲಾಗುತ್ತವೆ. ಕೆಲವು ಗುಜರಿಯವನ ಚೀಲ ಸೇರುತ್ತವೆ, ಕೆಲವು ಹಳೆ ಸಾಮಾನಿನ ಅಂಗಡಿಯ ಕಪಾಟಿನಲ್ಲಿ ಕೂರುತ್ತವೆ. ಅಲ್ಲಿ ಬೆಲೆ ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: “ನಿಜಾಮರ ಕಾಲದ್ದದರೀ, ಈಗ ಇಂಥದು ಎಲ್ಲಿ ಸಿಗ್ತದ?”

ಈ ಮಾತು ಸುಳ್ಳೇ ಆಗಬೇಕಿಲ್ಲ. ಬೀದರ್ ನಿಜಾಮರ ಸೀಮೆಯಲ್ಲಿದ್ದದ್ದು 1948ರ ಸೆಪ್ಟೆಂಬರ್‌ವರೆಗೆ. 1947ರಲ್ಲಿ ಮಾಡಿದ ಸಿಗರೇಟು ಡಬ್ಬಿಯೂ ನಿಜಾಮರ ಕಾಲದ್ದೇ. ಆದರೆ ಕೇಳುವವರ ಕಿವಿಗೆ ಆ ಮಾತು ಇನ್ನೂರು ವರ್ಷದಂತೆ ಬೀಳುತ್ತದೆ, ಬೆಲೆ ಅಲ್ಲಿಂದ ಏರುತ್ತದೆ. ಹಳೆ ಬಿದ್ರಿ ಕೊಳ್ಳುವವರು ಕೆಲಸಕ್ಕೆ ಮತ್ತು ಈಗಿರುವ ಸ್ಥಿತಿಗೆ ದುಡ್ಡು ಕೊಡಬೇಕು. ವಯಸ್ಸಿಗೆ ಪುರಾವೆ ಕಂಡಾಗ ಮಾತ್ರ ಒಂದಿಷ್ಟು ಹೆಚ್ಚು ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ. ಮಾರುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಮೊದಲು ಲೋಹ

ಬಿದ್ರಿ ಹೇಗೆ ತಯಾರಾಗುತ್ತದೆ ಎಂದು ಗೊತ್ತಿದ್ದರೆ ಪರೀಕ್ಷೆಯ ಅರ್ಧ ಕೆಲಸ ಮುಗಿಯಿತು. ಮೂಲ ಲೋಹ ಸತು, ಕಸಬುದಾರರ ಬಾಯಲ್ಲಿ ಜಸ್ತ. ಸಾಮಾನ್ಯವಾಗಿ 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸುತ್ತಾರೆ. ಔಡಲೆಣ್ಣೆ, ರಾಳ ಕಲಸಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ ಸದ್ಯಕ್ಕೆ ಕಪ್ಪು ಮಾಡಿಕೊಂಡು, ಚೂಪು ಉಳಿಯಿಂದ ಕೈಯಲ್ಲೇ ಚಿತ್ತಾರ ಬರೆದು, ಆ ಗೆರೆಯನ್ನೇ ಆಳವಾಗಿ ಕೊರೆದು, ಅದರೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜುವಾಗ ಮೊದಲು ಬಳಿದ ಕಪ್ಪು ಹೋಗಿ, ಬೂದು ಲೋಹದ ಮೇಲೆ ಬೆಳ್ಳಿ ಇದ್ದೂ ಇಲ್ಲದಂತೆ ಕಾಣುತ್ತದೆ. ಕೊನೆಗೆ ಬೀದರ್ ಕೋಟೆಯ ಹಳೆ ಕಟ್ಟಡಗಳೊಳಗಿಂದ ತಂದ, ಕಾಲಾಂತರದಿಂದ ಬಿಸಿಲು-ಮಳೆ ಕಾಣದ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕದಡಿ, ಬೆಚ್ಚಗೆ ಕಾಯಿಸಿದ ಪಾತ್ರೆಗೆ ತಿಕ್ಕುತ್ತಾರೆ. ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಿಶ್ರಣದಲ್ಲಿರುವ ಆ ಚೂರು ತಾಮ್ರವೇ ಇದಕ್ಕೆ ಕಾರಣ. ಬರೀ ಸತುವಿನ ಮೇಲೆ ಇಂಥ ಕಪ್ಪು ಬರುವುದಿಲ್ಲ.

ಅಂದರೆ ಬಿದ್ರಿಯ ಕಪ್ಪು ಬಳಿದ ಬಣ್ಣವಲ್ಲ, ಲೋಹದ ಮೈಯೇ ಬದಲಾದದ್ದು. ಹತ್ತಿಗೆ ಉಗುರುಬಣ್ಣ ತೆಗೆಯುವ ದ್ರಾವಣ ಒಂದು ಹನಿ ಹಾಕಿ, ತಳದ ಕಾಣದ ಮೂಲೆಯಲ್ಲಿ ಮೆಲ್ಲಗೆ ಒತ್ತಿ ನೋಡಿ. ಪೇಂಟ್ ಆಗಿದ್ದರೆ ಕರಗಿ ಹತ್ತಿಗೆ ಬರುತ್ತದೆ, ಕೆಳಗೆ ಬೆಳ್ಳನೆಯ ಲೋಹ ಕಾಣುತ್ತದೆ. ನಿಜವಾದ ಕಪ್ಪು ಅಲುಗಾಡುವುದಿಲ್ಲ. ಸವರಿದ ಎಣ್ಣೆಯ ಜಿಡ್ಡು ತುಸು ಬಂದರೆ ಗಾಬರಿ ಬೇಡ. ಆದರೆ ಒಣ ಬಟ್ಟೆಯಲ್ಲಿ ಒರೆಸಿದಾಗಲೇ ಕಪ್ಪು ಹತ್ತಿದರೆ, ಮಾಸಿದ ಮೈ ಮುಚ್ಚಲು ಯಾರೋ ಬೂಟ್ ಪಾಲಿಶ್ ಹಚ್ಚಿದ್ದಾರೆ ಎಂದು ತಿಳಿಯಿರಿ.

ಜೇಬಿನಲ್ಲಿ ಸಣ್ಣ ಅಯಸ್ಕಾಂತ ಇರಲಿ. ಸತು, ತಾಮ್ರ, ಬೆಳ್ಳಿ ಯಾವುದೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟಿತೆಂದರೆ ಕೆಳಗೆ ಕಬ್ಬಿಣವಿದೆ. ಅದು ಕಬ್ಬಿಣದ ಮೇಲೆ ಬೆಳ್ಳಿ ಕೂರಿಸುವ ಕೋಫ್ತ್‌ಗರಿ ಕೆಲಸ ಇರಬಹುದು, ಅದಕ್ಕೂ ತನ್ನದೇ ಬೆಲೆಯುಂಟು, ಆದರೆ ಬಿದ್ರಿಯಲ್ಲ. ಅಲ್ಯೂಮಿನಿಯಂ ನಕಲುಗಳು ಅಯಸ್ಕಾಂತಕ್ಕೆ ಸಿಗುವುದಿಲ್ಲ. ಅವು ಸಿಗುವುದು ತೂಕದಲ್ಲಿ.

ಇದಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲು ಒಣಗಿದ್ದಾಗಲೇ ತೂಕ ಮಾಡಿ. ಆಮೇಲೆ ನೀರು ತುಂಬಿದ ಬೋಗುಣಿಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಸಾಮಾನನ್ನು ದಾರದಲ್ಲಿ ಕಟ್ಟಿ, ತಳ ತಾಗದಂತೆ, ಒಳಗೆ ಗಾಳಿ ನಿಲ್ಲದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ಈಗ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. ಏಳರ ಆಸುಪಾಸು ಬಂದರೆ ಸತುವಿನ ಎರಕ. ಉದಾಹರಣೆಗೆ ಒಣ ತೂಕ 350 ಗ್ರಾಂ ಇದ್ದು ನೀರಿನಲ್ಲಿ 50 ತೋರಿಸಿದರೆ ಸರಿಯಾಗಿ ಏಳು. ಅಲ್ಯೂಮಿನಿಯಂ ಆಗಿದ್ದರೆ ಮೂರನ್ನೂ ಮುಟ್ಟುವುದಿಲ್ಲ, ಹಿತ್ತಾಳೆ ಎಂಟನ್ನು ದಾಟುತ್ತದೆ. ಮುಳುಗಿಸಿದ ಕೂಡಲೇ ಒರೆಸಿ ಒಣಗಿಸಬೇಕು. ಬಿಳಿ ಪುಡಿ ಉದುರುತ್ತಿರುವ ಸಾಮಾನಿಗೆ ಈ ಪರೀಕ್ಷೆ ಬೇಡ.

ತಗ್ಗು ಬಿದ್ದ ಬಿದ್ರಿ ಪಾತ್ರೆ ಕಂಡರೆ ಅಲ್ಲಿಯೇ ಅನುಮಾನಪಡಿ. ಇದು ಎರಕದ ಸತು, ತಗಡು ಬಡಿದು ಮಾಡಿದ್ದಲ್ಲ. ಬಿದ್ದರೆ ಬಗ್ಗುವುದಕ್ಕಿಂತ ಮೊದಲು ಬಿರುಕು ಬಿಡುತ್ತದೆ, ಇಲ್ಲವೇ ಅಂಚು ಮುರಿಯುತ್ತದೆ. “ಹಳೇದಲ್ರೀ, ತಗ್ಗು ಬಿದ್ದದ” ಅನ್ನುವ ಸಮಜಾಯಿಷಿಯೇ ಆ ಸಾಮಾನಿನ ವಿರುದ್ಧ ಸಾಕ್ಷಿ.

ಬೆಳ್ಳಿಯ ಕೆಲಸ

ಚಿತ್ತಾರದಲ್ಲಿ ಮುಖ್ಯವಾಗಿ ಎರಡು ಬಗೆ. ತಂತಿ ಕೂರಿಸಿದ್ದು ತಾರಕಶಿ, ತಗಡು ಕತ್ತರಿಸಿ ಕೂರಿಸಿದ್ದು ತೆಹ್‌ನಿಶಾನ್. ಎರಡರಲ್ಲೂ ಬೆಳ್ಳಿ ಮತ್ತು ಕಪ್ಪು ಮೈ ಒಂದೇ ಮಟ್ಟದಲ್ಲಿರಬೇಕು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಚಿತ್ತಾರ ಎಲ್ಲಿದೆ ಎಂದು ಗೊತ್ತಾಗಬಾರದು. ಬೆಳ್ಳಿ ಉಬ್ಬಿ ನಿಂತ ಜರ್‌ನಿಶಾನ್, ಜರ್‌ಬುಲಂದ್ ಕೆಲಸಗಳೂ ಉಂಟು. ಅಷ್ಟು ಎತ್ತರದ ಉಬ್ಬುಕೆಲಸ ಲಖನೌ ಕಡೆಯ ಬಿದ್ರಿಯಲ್ಲಿ ಹೆಚ್ಚು, ಅದರ ಮೇಲೆ ಅವಧದ ಲಾಂಛನವಾದ ಮೀನೂ ಕಂಡೀತು. ಬಿದ್ರಿ ಎಂದ ಮಾತ್ರಕ್ಕೆ ಎಲ್ಲವೂ ಬೀದರ್‌ನಲ್ಲೇ ಆದದ್ದಲ್ಲ: ಬಿಹಾರದ ಪೂರ್ಣಿಯಾ, ಬಂಗಾಳದ ಮುರ್ಷಿದಾಬಾದ್‌ಗಳಲ್ಲೂ ಈ ಕಸಬು ನಡೆದಿತ್ತು, ಹೈದರಾಬಾದ್‌ನಲ್ಲಿ ಈಗಲೂ ನಡೆದಿದೆ. ಇನ್ನೊಂದು ಅಫ್ತಾಬಿ. ಇದರಲ್ಲಿ ಬೆಳ್ಳಿಯ ಹಾಳೆಯೇ ಹಿನ್ನೆಲೆ, ಅದರಲ್ಲಿ ಕತ್ತರಿಸಿ ತೆಗೆದ ಜಾಗದಿಂದ ಕಪ್ಪು ಹೂವು ಕಾಣುತ್ತದೆ. ಬೆಳ್ಳಿಯೂ ಹೆಚ್ಚು ಬೇಕು, ಕೈಯೂ ಪಳಗಿರಬೇಕು, ಬೆಲೆಯೂ ಹೆಚ್ಚು.

ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ಚಿತ್ರ ತೆಗೆದು ಹಿಗ್ಗಿಸಿ ನೋಡಿ. ಕೈಯಲ್ಲಿ ಕೊರೆದ ಹತ್ತು ಹೂಗಳಲ್ಲಿ ಎರಡು ತದ್ರೂಪವಾಗಿ ಇರುವುದಿಲ್ಲ. ಒಂದರ ಎಸಳು ತುಸು ಮೊಂಡು, ಇನ್ನೊಂದರ ಬಳ್ಳಿ ತುಸು ವಾರೆ. ಎಲ್ಲವೂ ಒಂದೇ ಅಚ್ಚಿನಂತಿದ್ದು, ಗೆರೆಯ ಅಂಚು ದುಂಡಗೆ ಮೆತ್ತಗೆ ಕಂಡರೆ ಚಿತ್ತಾರ ಎರಕದಲ್ಲೇ ಮೂಡಿದ್ದು. ಮೇಲೆ ಬೆಳ್ಳಿಬಣ್ಣ ತುಂಬಿರುತ್ತಾರೆ. ತಂತಿ ಎರಡು ತುದಿ ಸೇರುವ ಜಾಗವನ್ನೂ ಹುಡುಕಿ. ಒಳ್ಳೆಯ ಕಸಬುದಾರನ ಕೆಲಸದಲ್ಲಿ ಅದು ಕಾಣುವುದೇ ಇಲ್ಲ. ಅವಸರದ ಕೆಲಸದಲ್ಲಿ ತಂತಿ ಮೂಲೆ ತಿರುಗುವ ಕಡೆ ಕಪ್ಪು ಸಂದು ಬಿಟ್ಟಿರುತ್ತದೆ.

ಬೆಳ್ಳಿ ಬೆಳ್ಳಿಯೇ ಎಂದು ತಿಳಿಯಲು ಗೀರಿ ನೋಡಬೇಡಿ. ಬೆಳ್ಳಿ ಗಾಳಿಯ ಗಂಧಕಕ್ಕೆ ಹಳದಿಯಾಗಿ, ಕಂದಾಗಿ, ಕೊನೆಗೆ ಕಪ್ಪಾಗುತ್ತದೆ. ವರ್ಷಾನುಗಟ್ಟಲೆ ಅಟ್ಟದ ಮೇಲಿತ್ತು ಎನ್ನುವ ಸಾಮಾನಿನ ಚಿತ್ತಾರ ಮಾತ್ರ ಥಳಥಳಿಸುತ್ತಿದ್ದರೆ, ಒಂದೋ ಈಚೆಗೆ ತಿಕ್ಕಿದ್ದಾರೆ, ಇಲ್ಲವೇ ಮೇಲೆ ವಾರ್ನಿಶ್ ಇದೆ, ಇಲ್ಲವೇ ಅದು ಬೆಳ್ಳಿಯಲ್ಲ. ಅನುಮಾನ ಹೋಗದಿದ್ದರೆ ಬಂಗಾರದ ಶುದ್ಧತೆ ನೋಡುವ ಎಕ್ಸ್‌ರೇ ಯಂತ್ರವಿರುವ ಅಂಗಡಿಗೆ ಒಯ್ಯಿರಿ. ಗೀರದೆ, ಕೊರೆಯದೆ ಯಾವ ಲೋಹ ಎಂದು ಅದು ಹೇಳುತ್ತದೆ. ಹಳೆಯ ಕೆಲವು ಪಾತ್ರೆಗಳಲ್ಲಿ ಹಿತ್ತಾಳೆಯನ್ನೂ ಕೂರಿಸುತ್ತಿದ್ದರು. ಹಳದಿ ಕಂಡ ಕೂಡಲೇ ನಕಲಿ ಎಂದು ತಳ್ಳಬೇಡಿ.

ವಯಸ್ಸು ಎಲ್ಲಿ ಕಾಣುತ್ತದೆ

ಬಹಮನಿ ಸುಲ್ತಾನ ಅಹ್ಮದ್ ಶಾಹ್ 1420ರ ದಶಕದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ ಮೇಲೆ ಪರ್ಷಿಯಾದ ಕಡೆಯಿಂದ ಬಂದವರ ಕೈಯಲ್ಲಿ ಈ ಕಸಬು ಇಲ್ಲಿ ಬೇರೂರಿತು ಎನ್ನುವುದು ರೂಢಿಯ ಮಾತು. ಹಾಗೆಂದು ಬಹಮನಿ ಕಾಲದ ಬಿದ್ರಿ ಎಂದು ಯಾರಾದರೂ ತೋರಿಸಿದರೆ ನಕ್ಕು ಮುಂದೆ ಹೋಗಿ. ಈಗ ಸಂಗ್ರಹಾಲಯಗಳಲ್ಲಿ ಉಳಿದಿರುವ ಅತಿ ಹಳೆಯ ಪಾತ್ರೆಗಳೇ ಹೆಚ್ಚೆಂದರೆ 16ನೇ ಶತಮಾನದ ಕೊನೆ, 17ನೇ ಶತಮಾನದವು. ಅಂಥವು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯ, ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯ, ಹೈದರಾಬಾದ್‌ನ ಸಾಲಾರ್‌ಜಂಗ್ ಸಂಗ್ರಹಾಲಯದಂಥ ಕಡೆ ಇವೆ.

ಆಕಾರ ಒಂದು ಸುಳಿವು. ಹುಕ್ಕಾದ ನೀರಿನ ಪಾತ್ರೆ 17ನೇ ಶತಮಾನದಲ್ಲಿ ಚೆಂಡಿನಂತೆ ದುಂಡಗಿರುತ್ತಿತ್ತು, ಕೂರಿಸಲು ಕೆಳಗೆ ಬಳೆ ಬೇಕಾಗುತ್ತಿತ್ತು. 18ನೇ ಶತಮಾನದಲ್ಲಿ ತಳ ಅಗಲವಾದ, ಗಂಟೆಯಾಕಾರದ ಪಾತ್ರೆಗಳು ಬಂದವು. ಸಾಲಾಗಿ ನಿಂತ ಗಸಗಸೆ ಗಿಡಗಳು, ಸುತ್ತ ಸಾಕಷ್ಟು ಖಾಲಿ ಕಪ್ಪು ಜಾಗ: ಇದು ಮೊಗಲರ ಕಾಲದ ಅಭಿರುಚಿ. ಅಜಂತಾದ ಹೆಣ್ಣು-ಗಂಡಿನ ಆಕೃತಿಗಳು ಬಿದ್ರಿಯ ಮೇಲೆ ಬಂದದ್ದು 20ನೇ ಶತಮಾನದಲ್ಲಿ. ಆದರೆ ಹಳೆ ಆಕಾರ, ಹಳೆ ಬೂಟಿಗಳನ್ನು ಕಸಬುದಾರರು ಇಂದೂ ಮಾಡುತ್ತಾರೆ, ಮಾಡಬೇಕಾದದ್ದೇ. ಹಾಗಾಗಿ ಆಕಾರ ‘ಇದಕ್ಕಿಂತ ಹಳೆಯದಿರಲಾರದು’ ಎಂಬುದನ್ನಷ್ಟೇ ಹೇಳುತ್ತದೆ, ‘ಇಷ್ಟು ಹಳೆಯದು’ ಎಂದಲ್ಲ. ಸಿಗರೇಟು ಡಬ್ಬಿ, ಬೂದಿ ತಟ್ಟೆ, ಕೋಟಿನ ಗುಂಡಿ ಎಂದರೆ ಬ್ರಿಟಿಷರ ಕಾಲದ ಆಚೆಗೆ ಹೋಗುವ ಮಾತೇ ಇಲ್ಲ.

ಬಳಕೆ ತಪ್ಪಿಹೋದ ಸಾಮಾನುಗಳಿಗೆ ಇಲ್ಲಿ ಹೆಚ್ಚು ತೂಕವಿದೆ. ಮೀರ್-ಎ-ಫರ್ಶ್ ಎಂದು ಕೇಳಿದ್ದೀರಾ? ಜಮಖಾನೆ, ರತ್ನಗಂಬಳಿಗಳ ಮೇಲೆ ಹಾಸಿದ ಬಿಳಿ ಬಟ್ಟೆ ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಇಡುತ್ತಿದ್ದ ಭಾರದ ಗುಂಡು. ನೆಲದ ಮೇಲೆ ಕೂರುವ ದರ್ಬಾರು ಮುಗಿದ ಮೇಲೆ ಇದರ ಕೆಲಸವೂ ಮುಗಿಯಿತು. ಪೀಕದಾನಿ, ಕೈತೊಳೆಯುವ ಚಿಲಮ್ಚಿ, ಹುಕ್ಕಾದ ಬಾಯಿತುದಿ ಇವೆಲ್ಲ ಈ ಸಾಲಿನವು. ಮೀರ್-ಎ-ಫರ್ಶ್ ನಾಲ್ಕರ ಜೊತೆ ಸಿಕ್ಕರೆ ಬಿಡಬೇಡಿ. ಒಂದೊಂದಾಗಿ ಸಿಕ್ಕರೆ ನಾಲ್ಕರಲ್ಲೊಂದು ಪಾಲಿನ ಬೆಲೆಯೂ ಹೆಚ್ಚೇ, ಯಾಕೆಂದರೆ ಜೊತೆ ಕೂಡಿಸುವುದು ಮುಂದೆ ಆಗದ ಮಾತು.

ನಿಜವಾದ ಸವೆತ ಬಳಸಿದ ಕಡೆ ಮಾತ್ರ ಇರುತ್ತದೆ. ಸುರಾಹಿಯ ಕುತ್ತಿಗೆ, ಮುಚ್ಚಳದ ಗುಬುಟು, ತಳದ ಅಂಚು ಇಲ್ಲಿ ಬೆಳ್ಳಿ ತೆಳುವಾಗಿ, ಗೆರೆ ಮಸುಕಾಗಿ, ಕೈ ಹೋಗದ ಸಂದಿನಲ್ಲಿ ಕೆಲಸ ಚೂಪಾಗಿಯೇ ಉಳಿದಿರಬೇಕು. ಮೈತುಂಬ ಒಂದೇ ಸಮ ಸವೆದಿದ್ದರೆ ಅದು ಉಜ್ಜುಕಾಗದದ ಕೆಲಸ. ಒಳಗನ್ನೂ ಇಣುಕಿ. ಪಾನ್‌ದಾನಿನ ಬಟ್ಟಲುಗಳಲ್ಲಿ ಸುಣ್ಣ, ಕಾಚಿನ ಕಲೆ, ಹುಕ್ಕಾ ಪಾತ್ರೆಯೊಳಗೆ ನೀರು ನಿಂತ ಮಟ್ಟದ ಉಪ್ಪಿನ ಗೆರೆ ಇರುತ್ತದೆ. ಹೊರಗೆಲ್ಲ ಮುದುಕ, ಒಳಗೆ ಮಾತ್ರ ಹೊಸ ಎರಕದ ಬೂದುಬಣ್ಣ ಎಂದಾದರೆ ಕೆಳಗಿಟ್ಟುಬಿಡಿ. ತಳಕ್ಕೆ ಮಖಮಲ್ಲು ಅಂಟಿಸಿದ್ದರೆ ಎತ್ತಿ ತೋರಿಸಲು ಕೇಳಿ. ಬಿರುಕು, ತೇಪೆ ಅಡಗುವ ಜಾಗ ಅದು.

ಕೆಲವು ಪಾತ್ರೆಗಳ ಮೇಲೆ ಹೆಸರು, ಹಿಜರಿ ವರ್ಷ ಬರೆದಿರುವುದುಂಟು. ಹಿಜರಿ ಅಂಕಿಯನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಇಂಗ್ಲಿಷ್ ವರ್ಷ ಹೆಚ್ಚುಕಡಿಮೆ ಸಿಗುತ್ತದೆ. 1300 ಎಂದಿದ್ದರೆ 1883ರ ಸುಮಾರು. ಆದರೆ ಬರಹ ಚಿತ್ತಾರದಷ್ಟೇ ಸವೆದಿದೆಯೇ, ಅದೇ ಕಪ್ಪಿನ ಕೆಳಗಿದೆಯೇ ನೋಡಿ. ಆಮೇಲೆ ಕೊರೆದ ವರ್ಷ ತನ್ನ ಅಂಚಿನಿಂದಲೇ ಸಿಕ್ಕಿಬೀಳುತ್ತದೆ.

ಸ್ಥಿತಿ

ಬೆಲೆ ಇಳಿಸುವ ಮುಖ್ಯ ದೋಷ ಬಿರುಕು. ಸತು ಬೇಗ ಕರಗುವ ಲೋಹ, ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೆ ನೀರಾಗುತ್ತದೆ. ಹಿತ್ತಾಳೆ ಪಾತ್ರೆಗೆ ಹಾಕುವಂಥ ಗಟ್ಟಿ ಬೆಸುಗೆ ಇದಕ್ಕೆ ಆಗುವುದಿಲ್ಲ. ಮುರಿದದ್ದನ್ನು ಸೀಸ-ತವರದ ಮೆತ್ತನೆ ಬೆಸುಗೆಯಲ್ಲೋ ಅಂಟಿನಲ್ಲೋ ಕೂಡಿಸಿ ಮೇಲೆ ಕಪ್ಪು ಬಳಿದಿರುತ್ತಾರೆ. ಕತ್ತಲಲ್ಲಿ ಪಾತ್ರೆಯೊಳಗೆ ಟಾರ್ಚ್ ಹಿಡಿದರೆ ಸೀಳು ಹೊರಗೆ ಬೆಳಕಾಗಿ ಕಾಣುತ್ತದೆ.

ಬೆಳ್ಳಿ ಉದುರಿದ್ದು ಅಷ್ಟು ದೊಡ್ಡ ದೋಷವಲ್ಲ. ಕಂಡಿ ಖಾಲಿಯಿದ್ದರೆ ಒಳ್ಳೆಯದೇ ಅನ್ನಬೇಕು: ಕೊರೆದ ಆಳ ಕಾಣುತ್ತದೆ, ಕೈಕೆಲಸ ಎಂಬುದಕ್ಕೆ ಅದೇ ಪುರಾವೆ. ನಾಲ್ಕಾರು ಎಲೆ, ಒಂದು ಗೇಣು ತಂತಿ ಹೋಗಿದ್ದರೆ ಬೀದರ್‌ನ ಕಸಬುದಾರರು ಹೊಸದು ಕೂರಿಸಬಲ್ಲರು. ಚಿತ್ತಾರದ ಕಾಲು ಭಾಗವೇ ಹೋಗಿದ್ದರೆ ದುರಸ್ತಿಯ ಖರ್ಚಿನಲ್ಲಿ ಹೊಸದೇ ಬರುತ್ತದೆ.

ತೇವದ ಗೋಡೆಗೆ ತಾಗಿ ಕೂತ ಬಿದ್ರಿಯ ಮೇಲೆ ಬಿಳಿ ಪುಡಿ ಏಳುತ್ತದೆ. ಅದು ಸತುವಿನ ಕಿಲುಬು. ಮೇಲ್ಮೈಯಲ್ಲಿ ತೆಳುವಾಗಿ ಇದ್ದರೆ ಮೆತ್ತನೆ ಬ್ರಷ್‌ನಿಂದ ಒಣದಾಗಿಯೇ ಝಾಡಿಸಿದರೆ ಸಾಕು. ಪುಡಿ ಹೋದ ಮೇಲೆ ಗುಳಿ ಕಂಡರೆ ಲೋಹವೇ ತಿಂದುಹೋಗಿದೆ, ಅದಕ್ಕೆ ಮದ್ದಿಲ್ಲ.

ಮನೆಯವರೇ ಮಾಡುವ ಅನಾಹುತವೂ ಒಂದಿದೆ. ದೀಪಾವಳಿಗೋ ರಂಜಾನಿಗೋ ಮನೆ ಸಾರಿಸುವಾಗ ಹಿತ್ತಾಳೆ, ತಾಮ್ರದ ಸಾಮಾನಿನ ಜೊತೆ ಬಿದ್ರಿಯನ್ನೂ ಹುಣಸೆಹಣ್ಣು, ನಿಂಬೆ, ಪಾತ್ರೆ ಪುಡಿ ಹಾಕಿ ತಿಕ್ಕಿಬಿಡುತ್ತಾರೆ. ಹುಳಿ ಸತುವನ್ನು ತಿನ್ನುತ್ತದೆ, ಕಪ್ಪು ಹಾರುತ್ತದೆ, ಇಡೀ ಪಾತ್ರೆ ಬೂದುಬಣ್ಣಕ್ಕೆ ತಿರುಗಿ ಚಿತ್ತಾರವೇ ಮರೆಯಾಗುತ್ತದೆ. ಇದೇ ಕಾರಣಕ್ಕೆ ಉಪ್ಪಿನಕಾಯಿ, ಹುಳಿ ಪದಾರ್ಥಗಳನ್ನು ಬಿದ್ರಿಯಲ್ಲಿ ಇಡಲೂಬಾರದು. ಮಾರುವ ಮುನ್ನ ‘ಚೊಕ್ಕ ಮಾಡೋಣ’ ಎಂದು ಕೈಹಾಕಿದವರು ತಮ್ಮ ಸಾಮಾನಿನ ಬೆಲೆಯನ್ನು ತಾವೇ ತೊಳೆದುಹಾಕುತ್ತಾರೆ. ಒಣ ಹತ್ತಿ ಬಟ್ಟೆ, ಕಪ್ಪು ಮಂಕಾಗಿದ್ದರೆ ಒಂದು ಹನಿ ಕೊಬ್ಬರಿ ಎಣ್ಣೆ, ಅಷ್ಟೇ. ಬೆಳ್ಳಿಗೆ ಪಾಲಿಶ್ ದ್ರಾವಣ ಹಚ್ಚಿ ಎಂದು ಅಂಗಡಿಯವರು ಹೇಳುವುದುಂಟು. ಹೊಸ ಸಾಮಾನಿಗೆ ನಡೆದೀತು, ಹಳೆಯದಕ್ಕೆ ನಾನು ಬೇಡ ಅನ್ನುತ್ತೇನೆ.

ಕಪ್ಪು ಹೋದ ಸಾಮಾನಿಗೆ ಕೋಟೆ ಮಣ್ಣಿನಲ್ಲಿ ಮತ್ತೆ ಕಪ್ಪು ಬರಿಸಲು ಆಗುತ್ತದೆ. ಮನೆಯಲ್ಲಿ ಇಟ್ಟುಕೊಳ್ಳುವವರು ಧಾರಾಳವಾಗಿ ಮಾಡಿಸಿ. ಆದರೆ ಅದಕ್ಕೆ ಮೊದಲು ಇಡೀ ಮೈ ಉಜ್ಜಬೇಕಾಗುತ್ತದೆ, ಸವೆತದ ಗುರುತುಗಳು ಹೋಗುತ್ತವೆ. ನಿಜಕ್ಕೂ ಹಳೆಯದಿರಬಹುದು ಎಂಬ ಅನುಮಾನವಿದ್ದರೆ ಮುಟ್ಟಿಸಬೇಡಿ.

ಬೆಲೆ

ತೂಕದ ಮೇಲೆ ಬಿದ್ರಿ ಕೊಳ್ಳುವುದೂ ಮಾರುವುದೂ ಎರಡೂ ಮೋಸದ ದಾರಿ. ಗುಜರಿಯವನು ಕೊಡುವುದು ಸತುವಿನ ದರ, ಅದರಲ್ಲಿ ಕೈಕೆಲಸಕ್ಕೆ ಕಾಸಿಲ್ಲ. ಇನ್ನೊಂದು ಕಡೆ ಪೂರ್ತಿ ತೂಕಕ್ಕೆ ಬೆಳ್ಳಿಯ ದರ ಹಿಡಿದು ಹೇಳುವವರಿದ್ದಾರೆ. ಚಿತ್ತಾರ ಎಷ್ಟೇ ದಟ್ಟವಾಗಿದ್ದರೂ ಒಟ್ಟು ತೂಕದಲ್ಲಿ ಬೆಳ್ಳಿಯ ಪಾಲು ಸಣ್ಣದು, ಉಳಿದದ್ದೆಲ್ಲ ಸತು.

ಸರಿಯಾದ ಅಳತೆಗೋಲು ಹೊಸ ಸಾಮಾನು. ಬೀದರ್‌ನ ಚೌಬಾರಾದ ಹತ್ತಿರ ಸಿದ್ದೀಖ್ ತಾಲೀಮ್ ರಸ್ತೆಯ ಬಿದ್ರಿ ಅಂಗಡಿಗಳಲ್ಲಿ ಒಂದು ಸುತ್ತು ಹಾಕಿ. ಕಸಬುದಾರರು ಕೂತು ಕೊರೆಯುವುದೂ ಅಲ್ಲೇ ಕಾಣುತ್ತದೆ. ಇಷ್ಟೇ ಎತ್ತರ, ಇಷ್ಟೇ ದಟ್ಟ ಕೆಲಸದ್ದು ಇವತ್ತು ಮಾಡಿಸಿದರೆ ಎಷ್ಟಾಗುತ್ತದೆ, ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿಕೊಳ್ಳಿ. ಕರ್ನಾಟಕ ಕರಕುಶಲ ನಿಗಮದ ಕಾವೇರಿ ಮಳಿಗೆಯ ಬೆಲೆಚೀಟಿಯನ್ನೂ ನೋಡಿ. ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಆದ ಸಾಧಾರಣ ಹೂದಾನಿ, ತಟ್ಟೆಗಳಿಗೆ ಆ ಹೊಸ ಬೆಲೆಯ ಅರ್ಧದಿಂದ ಮಾತು ಶುರು ಮಾಡಿದರೆ ತಪ್ಪಿಲ್ಲ. ಹೆಸರು, ತಾರೀಖು ಕೊರೆದ ಸನ್ಮಾನ ಫಲಕಗಳಿಗೆ ಅದೂ ಹೆಚ್ಚೇ. ಬೇರೆಯವರ ನಿವೃತ್ತಿಯನ್ನು ಯಾರೂ ತಮ್ಮ ಗೋಡೆಗೆ ತೂಗುಹಾಕುವುದಿಲ್ಲ.

ಹೊಸ ಬೆಲೆಯನ್ನು ಮೀರಿ ಕೊಡಬಹುದಾದ ಸಂದರ್ಭಗಳೂ ಇವೆ. ಈಗ ಯಾರೂ ಅಷ್ಟು ತಾಳ್ಮೆಯಿಂದ ಮಾಡದ ಕೂದಲೆಳೆಯ ತಾರಕಶಿ, ಗಟ್ಟಿ ಬೆಳ್ಳಿಯ ಅಫ್ತಾಬಿ, ಮುಟ್ಟದೆ ಬಿಟ್ಟ ಹಳೆಯ ಕಪ್ಪು, ಬಿಡಿಭಾಗ ಒಂದೂ ಕಳೆಯದ ಪಾನ್‌ದಾನ್. ಪ್ರಸಿದ್ಧ ಕಸಬುದಾರರ ಕೈಕೆಲಸ ಎಂದು ಬಿಲ್ಲಿನಲ್ಲಿದ್ದರೆ ಅದಕ್ಕೂ ಬೆಲೆಯಿದೆ. 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದ ಮೇಲೆ ಹೆಸರು ಕೇಳಿ ಕೊಳ್ಳುವವರು ಹೆಚ್ಚಿದ್ದಾರೆ, ಹೆಸರು ಹೇಳಿ ಮಾರುವವರೂ ಹೆಚ್ಚುತ್ತಾರೆ. ಬಾಯಿಮಾತು ಸಾಲದು, ಕಾಗದ ಕೇಳಿ. ಹಳೆ ಬಿಲ್ಲು, ಮದುವೆಯ ಉಡುಗೊರೆ ಪಟ್ಟಿ, ಆ ಸಾಮಾನು ಕಾಣುವ ಹಳೆ ಫೋಟೋ ಯಾವುದಾದರೂ ಸರಿ.

ಒಂದು ಮಾತು: ಹೈದರಾಬಾದ್‌ನ ಜುಮ್ಮೇರಾತ್ ಬಜಾರಿನಂಥ ಹಳೆ ಸಾಮಾನಿನ ಸಂತೆಗೆ ಹೊರಟಿದ್ದರೆ, ಮೊದಲು ಸಾಲಾರ್‌ಜಂಗ್‌ನ ಬಿದ್ರಿ ವಿಭಾಗ ನೋಡಿಕೊಂಡು ಹೋಗಿ. ಒಳ್ಳೆಯ ಕೆಲಸ ಹೇಗಿರುತ್ತದೆ ಎಂದು ಕಣ್ಣಿಗೆ ಗೊತ್ತಾದ ದಿನ ಸಂತೆಯ ಮುಕ್ಕಾಲು ಪಾಲು ತಾನಾಗಿಯೇ ಬಿಟ್ಟುಹೋಗುತ್ತದೆ.

ನೂರು ದಾಟಿದ್ದರೆ

1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ಇಂಥ ಕೈಕೆಲಸ ಪುರಾವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ದೇಶದಾಚೆ ಒಯ್ಯುವಂತಿಲ್ಲ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಮಗಳಿಗೆ ಅಜ್ಜಿಯ ಪಾನ್‌ದಾನ್ ಕಳಿಸುವ ಆಸೆಯಿದ್ದರೆ, ಅದು ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಮೊದಲು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯಿರಿ. ವಿಮಾನ ನಿಲ್ದಾಣದ ಕಸ್ಟಮ್ಸ್ ಮೇಜಿನ ಮುಂದೆ ವಾದಿಸಿ ಪ್ರಯೋಜನವಿಲ್ಲ.

ಅಂಗಡಿಯವನ ಮಾತನ್ನು ಒರೆಗೆ ಹಚ್ಚಲು ಇದೇ ಕಾಯ್ದೆ ನೆರವಾಗುತ್ತದೆ. “ನೂರು ವರ್ಷ ಮೇಲಾಗ್ಯದ” ಎಂದವನಿಗೆ, ಹಾಗಂತ ರಸೀದಿಯಲ್ಲಿ ಬರೆದುಕೊಡಲು ಕೇಳಿ, ಜೊತೆಗೆ ಪರವಾನಗಿ ಸಂಖ್ಯೆಯನ್ನೂ. ಅವನು ಪೆನ್ನು ಕೆಳಗಿಟ್ಟರೆ ನೂರು ವರ್ಷದ ಬೆಲೆಯನ್ನೂ ಕೆಳಗಿಡಲಿ. ಆಮೇಲೆ ‘ಸತು-ತಾಮ್ರದ ಎರಕ, ಬೆಳ್ಳಿ ಕೂರಿಸಿದ ಕೈಕೆಲಸ, ಇಷ್ಟು ಗ್ರಾಂ, ಇಂಥ ಕಡೆ ದುರಸ್ತಿ’ ಎಂದಷ್ಟನ್ನು ಬರೆಸಿಕೊಂಡು, ಅದಕ್ಕೆ ತಕ್ಕ ದುಡ್ಡು ಎಣಿಸಿ.